ಮೆಕ್ಯಾನಿಕ್ಸ್ ಲೆಕ್ಕದ ಮೊದಲ ಮೂರು ಸಾಲು

(ಶಿರಸಿಯಲ್ಲಿ ಬಿಎಸ್ಸಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ. ಹಲಗೆಯ ಮೇಲೆ ಬರೆದ ಸಮೀಕರಣಗಳನ್ನು ಇಲ್ಲಿ ಮಾತಿನಲ್ಲೇ ಕೊಟ್ಟಿದೆ.)

ಎಲ್ಲರಿಗೂ ನಮಸ್ಕಾರ. ಪರೀಕ್ಷೆಗೆ ಇನ್ನು ಮೂರು ವಾರ ಇದೆ ಎಂದಿಟ್ಟುಕೊಂಡು ಮಾತಾಡುತ್ತೇನೆ. ಮೆಕ್ಯಾನಿಕ್ಸ್‌ನಲ್ಲಿ ಬಾಯಿಪಾಠ ಆಗಬೇಕಾದ ಸೂತ್ರಗಳು ಬಹಳ ಇಲ್ಲ. ಎಲ್ಲ ಸೇರಿಸಿ ಬರೆದರೂ ಒಂದು ಹಾಳೆಯ ಎರಡು ಮಗ್ಗುಲು ಸಾಕು. ಹಾಗಿದ್ದೂ ಲೆಕ್ಕ ಕೈಕೊಡುತ್ತದಲ್ಲ, ಅದು ಕೈಕೊಡುವುದು ಮೊದಲ ಮೂರು ಸಾಲಿನಲ್ಲಿ. ಯಾವ ವಸ್ತುವಿನ ಬಗ್ಗೆ ಬರೆಯುತ್ತಿದ್ದೇನೆ, ಅದರ ಮೇಲೆ ಯಾವ್ಯಾವ ಬಲ ಇದೆ, ಅಕ್ಷ ಯಾವ ಕಡೆಗೆ ಇಟ್ಟಿದ್ದೇನೆ. ಈ ಮೂರನ್ನು ಬರೆಯದೆ ನೇರ ಸೂತ್ರಕ್ಕೆ ಕೈಹಾಕಿದವರ ಉತ್ತರದಲ್ಲಿ ಮುಂದಿನ ಒಂದು ಪುಟದ ಬೀಜಗಣಿತ ಎಷ್ಟೇ ಚೆಂದ ಇದ್ದರೂ ಉಪಯೋಗ ಇಲ್ಲ. ಇವತ್ತಿನ ಮಾತೆಲ್ಲ ಆ ಮೂರು ಸಾಲಿನ ಸುತ್ತಲೇ.

ಶಿರಸಿ, ಸಿದ್ದಾಪುರದ ಕಡೆಯವರಿಗೆ ಕೊನೆಕೊಯ್ಲು, ಅಂದರೆ ಅಡಿಕೆ ಗೊಂಚಲಿನ ಕೊಯ್ಲು, ನೋಡಿ ಗೊತ್ತು. ಮರ ಹತ್ತುವ ಕೊನೆಗೌಡ ಅಡಿಕೆ ಮರದ ತುದಿಯಲ್ಲಿ ಕೊನೆ (ಗೊಂಚಲು) ಕೊಯ್ದು ಹಗ್ಗದ ಮೇಲೆ ಜಾರಿಬಿಡುತ್ತಾನೆ, ಕೆಳಗೆ ಹಗ್ಗದ ಇನ್ನೊಂದು ತುದಿ ಹಿಡಿದು ನಿಂತವರು ಅದನ್ನು ಹಿಡಿದುಕೊಳ್ಳುತ್ತಾರೆ. ಇದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಕೊನೆ ಜಾರಲು ಶುರುವಾಗುವ ಎತ್ತರ 12 ಮೀಟರ್. ಹಗ್ಗ ಹಿಡಿದವರು ಮರದ ಬುಡದಿಂದ 9 ಮೀಟರ್ ದೂರದಲ್ಲಿದ್ದಾರೆ. ಹಗ್ಗಕ್ಕೂ ಕೊನೆಗೂ ನಡುವಿನ ಘರ್ಷಣಾ ಗುಣಾಂಕ, ಅಂದರೆ ಮ್ಯೂ, 0.5. ಹಗ್ಗ ಜೋಲದೆ ನೇರ ಇದೆ ಎಂದುಕೊಳ್ಳಿ, ಕೈಯ ಎತ್ತರವನ್ನು ಬಿಟ್ಟುಬಿಡಿ. ಕೊನೆ ಕೆಳಗೆ ಮುಟ್ಟುವಾಗ ಅದರ ವೇಗ ಎಷ್ಟು?

ವಸ್ತು ಯಾವುದು? ಕೊನೆ ಮಾತ್ರ. ಹಗ್ಗವೂ ಬೇಡ, ಹಿಡಿದವರೂ ಬೇಡ. ಈಗ ಬಲಗಳು. ಒಂದು ಚುಕ್ಕಿ ಹಾಕಿ ಬಾಣ ಬರೆಯಿರಿ. ಭೂಮಿ ಕೆಳಕ್ಕೆ ಎಳೆಯುವ ತೂಕ, ಹಗ್ಗ ತನಗೆ ಲಂಬವಾಗಿ ಒತ್ತುವ ನಾರ್ಮಲ್, ಹಗ್ಗದ ಉದ್ದಕ್ಕೂ ಮೇಲ್ಮುಖವಾಗಿ ಘರ್ಷಣೆ. ಮೂರೇ. ಬಹಳ ಜನ ಇಲ್ಲಿ ನಾಲ್ಕನೆಯದೊಂದನ್ನು ಸೇರಿಸುತ್ತಾರೆ: ಇಳಿಜಾರಿನ ಉದ್ದಕ್ಕೂ ಕೆಳಗೆ ‘ಎಂಜಿ ಸೈನ್ ಥೀಟಾ’ (ಎಂ ದ್ರವ್ಯರಾಶಿ; ಜಿ ಭೂಮಿಯ ಎಳೆತದ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, 9.8; ಥೀಟಾ ನೆಲದ ಜೊತೆಗಿನ ಕೋನ). ಅದು ಬೇರೆ ಬಲವಲ್ಲ, ತೂಕದ್ದೇ ಒಂದು ತುಂಡು. ತೂಕವನ್ನೂ ಬರೆದು ಅದರ ತುಂಡನ್ನೂ ಬರೆದರೆ ಒಂದೇ ಸಾಲವನ್ನು ಎರಡು ಸಲ ವಸೂಲಿ ಮಾಡಿದಂತೆ. ಪ್ರತಿ ಬಾಣದ ಪಕ್ಕದಲ್ಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಕೊಡುವವರು ಯಾರು? ಭೂಮಿ, ಹಗ್ಗ, ನೆಲ, ಗಾಳಿ ಎಂದು ಯಾರದ್ದಾದರೂ ಹೆಸರು ಹೇಳಲು ಬಂದರೆ ಬಾಣ ಉಳಿಯಲಿ. ಹೆಸರು ಸಿಗದಿದ್ದರೆ ಹೊಡೆದುಹಾಕಿ. ‘ಚಲನೆಯ ಬಲ’ ಅನ್ನುವ ಬಾಣವನ್ನೂ ಇದೇ ಪ್ರಶ್ನೆ ಹೊರಗೆ ಹಾಕುತ್ತದೆ.

ಅಕ್ಷ: ಒಂದು ಹಗ್ಗದ ಉದ್ದಕ್ಕೆ ಕೆಳಮುಖವಾಗಿ, ಇನ್ನೊಂದು ಅದಕ್ಕೆ ಲಂಬವಾಗಿ. ಎತ್ತರ 12, ದೂರ 9, ಹಾಗಾಗಿ ಹಗ್ಗ 15 ಮೀಟರ್. ನೆಲದ ಜೊತೆಗಿನ ಕೋನದ ಸೈನ್ 0.8, ಕೊಸೈನ್ 0.6. ಆ ಕೋನ ಸುಮಾರು 53 ಡಿಗ್ರಿ. ಆದರೆ ಪ್ರಶ್ನೆಯಲ್ಲಿ ‘ಹಗ್ಗ ಮರದೊಂದಿಗೆ 37 ಡಿಗ್ರಿ ಕೋನ ಮಾಡುತ್ತದೆ’ ಎಂದು ಕೊಟ್ಟರೋ, ಸೈನು ಕೊಸೈನು ಅದಲುಬದಲಾಗುತ್ತವೆ. ‘ಇಳಿಜಾರಿನಲ್ಲಿ ಯಾವಾಗಲೂ ಸೈನ್’ ಎಂದು ಕಲಿತವರು ಬೀಳುವ ಗುಂಡಿ ಇದೇ. ಇದಕ್ಕೆ ಒಂದು ಅಗ್ಗದ ಪರೀಕ್ಷೆ ಇದೆ. ಹಗ್ಗವನ್ನು ನೆಲಕ್ಕೆ ಮಲಗಿಸಿಬಿಡಿ, ಕೊನೆ ಜಾರಬಾರದು. ನೀವು ಬರೆದ ಎಳೆತದ ತುಂಡು ಆಗ ಸೊನ್ನೆ ಆಗುತ್ತದೆಯೇ ನೋಡಿ. ಆಗದಿದ್ದರೆ ಅದಲುಬದಲು ಮಾಡಿದ್ದೀರಿ.

ಲಂಬ ದಿಕ್ಕಿನಲ್ಲಿ ವೇಗೋತ್ಕರ್ಷ ಇಲ್ಲ. ಆದ್ದರಿಂದ ನಾರ್ಮಲ್ ಅಂದರೆ ತೂಕದ 0.6 ಪಾಲು, ಘರ್ಷಣೆ ಅದರ ಅರ್ಧ, ಅಂದರೆ ತೂಕದ 0.3. ಉದ್ದಕ್ಕೆ ಎಳೆಯುವುದು ತೂಕದ 0.8. ಉಳಿದದ್ದು 0.5. ವೇಗೋತ್ಕರ್ಷ 9.8 × 0.5 = 4.9 ಮೀಟರ್ ಪ್ರತಿ ಸೆಕೆಂಡ್ ವರ್ಗ. ವೇಗದ ವರ್ಗ 2 × 4.9 × 15 = 147, ವೇಗ ಸೆಕೆಂಡಿಗೆ 12.1 ಮೀಟರ್. ಕೊನೆಯ ತೂಕ ಎಷ್ಟೆಂದು ಕೊಟ್ಟೇ ಇರಲಿಲ್ಲ, ಬೇಕಾಗಲೂ ಇಲ್ಲ.

ಇದೇ ಉತ್ತರ ಶಕ್ತಿಯ ದಾರಿಯಿಂದಲೂ ಬರಬೇಕು. ಒಂದು ಕಿಲೋಗೆ ಲೆಕ್ಕ ಹಾಕಿ. 12 ಮೀಟರ್ ಇಳಿದಾಗ ಸಿಗುವುದು 117.6 ಜೂಲ್, ಘರ್ಷಣೆ 15 ಮೀಟರ್ ಉದ್ದಕ್ಕೂ ತಿನ್ನುವುದು 44.1, ಮಿಕ್ಕಿದ್ದು 73.5. ಅದರ ಎರಡು ಪಟ್ಟು 147. ಸರಿಹೋಯಿತು. ಇಲ್ಲಿ ಕಾಣುವ ಒಂದು ಚೆಂದದ ಸಂಗತಿಯನ್ನು ಬಿಡಬೇಡಿ. ಅಕ್ಷರಗಳಲ್ಲೇ ಬಿಡಿಸಿದರೆ, ವೇಗದ ವರ್ಗ ಅಂದರೆ ಎರಡು ಜಿ ಗುಣಿಸು ‘ಎತ್ತರದಲ್ಲಿ ಮ್ಯೂ ಪಟ್ಟು ದೂರವನ್ನು ಕಳೆದಷ್ಟು’. ಹಗ್ಗದ ಉದ್ದ ಮಾಯ! ಹಿಡಿದವರು 16 ಮೀಟರ್‌ಗೆ ಹಿಂದೆ ಸರಿದರೆ 12ರಲ್ಲಿ 8 ಕಳೆದು 4, ವೇಗ 8.9ಕ್ಕೆ ಇಳಿಯಿತು. 24 ಮೀಟರ್‌ಗೆ ಹೋದರೆ 12ರಲ್ಲಿ 12, ಸೊನ್ನೆ. ಅಲ್ಲಿ ಕೊನೆ ತಾನಾಗಿ ಹೊರಡುವುದೇ ಇಲ್ಲ. ಸಂಖ್ಯೆಗಳನ್ನು ಕೊನೆಯ ಸಾಲಿನವರೆಗೂ ಹಾಕಬೇಡಿ, ಅಕ್ಷರದಲ್ಲೇ ಇಡಿ ಎಂದು ಮೇಷ್ಟ್ರುಗಳು ಹೇಳುವುದು ಇದಕ್ಕೇ. ಮೊದಲೇ ಸಂಖ್ಯೆ ಹಾಕಿದವರಿಗೆ 147 ಮಾತ್ರ ಸಿಗುತ್ತದೆ.

ಈಗ ಇನ್ನೊಂದು ಇಳಿಜಾರಿಗೆ ಬರೋಣ. ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದ ತಿರುವುಗಳು ನಿಮಗೆ ಪರಿಚಿತ. ತಿರುವಿನಲ್ಲಿ ರಸ್ತೆಯ ಹೊರ ಅಂಚನ್ನು ಎತ್ತರಿಸಿರುತ್ತಾರೆ. ಪಠ್ಯದಲ್ಲಿ ಅದಕ್ಕೆ ಬ್ಯಾಂಕಿಂಗ್ ಎನ್ನುತ್ತಾರೆ. ಘರ್ಷಣೆ ಇಲ್ಲದ ಜಾರುವ ಇಳಿಜಾರಿನಲ್ಲಿ ನಾವು ಬರೆದದ್ದು: ನಾರ್ಮಲ್ ಅಂದರೆ ಎಂಜಿ ಕಾಸ್ ಥೀಟಾ. ಬ್ಯಾಂಕಿಂಗ್‌ನಲ್ಲಿ ಪುಸ್ತಕ ಬರೆಯುವುದು: ನಾರ್ಮಲ್ ಗುಣಿಸು ಕಾಸ್ ಥೀಟಾ ಅಂದರೆ ಎಂಜಿ. ಎರಡರಲ್ಲೂ ಓರೆ ಮೇಲ್ಮೈ, ಎರಡರಲ್ಲೂ ತೂಕ ಮತ್ತು ನಾರ್ಮಲ್ ಎರಡೇ ಬಲ, ಚಿತ್ರ ಹೆಚ್ಚುಕಡಿಮೆ ಒಂದೇ. ಆದರೂ ಒಂದರಲ್ಲಿ ನಾರ್ಮಲ್ ತೂಕಕ್ಕಿಂತ ಕಡಿಮೆ, ಇನ್ನೊಂದರಲ್ಲಿ ಹೆಚ್ಚು. ಬಾಯಿಪಾಠ ಮಾಡಿದವರು ಪರೀಕ್ಷೆಯ ದಿನ ಯಾವುದು ಯಾವುದಕ್ಕೆ ಎಂದು ತಡಕಾಡುವುದು ಇಲ್ಲೇ.

ಉತ್ತರ ಇರುವುದು ವೇಗೋತ್ಕರ್ಷದ ದಿಕ್ಕಿನಲ್ಲಿ. ಜಾರುವ ಪೆಟ್ಟಿಗೆಯ ವೇಗೋತ್ಕರ್ಷ ಇಳಿಜಾರಿನ ಉದ್ದಕ್ಕೆ, ಹಾಗಾಗಿ ಇಳಿಜಾರಿಗೆ ಲಂಬವಾದ ದಿಕ್ಕಿನಲ್ಲಿ ಬಲಗಳು ಸರಿತೂಗುತ್ತವೆ. ತಿರುವಿನಲ್ಲಿ ಹೋಗುವ ಬಸ್ಸಿನ ವೇಗೋತ್ಕರ್ಷ ವೃತ್ತದ ಕೇಂದ್ರದ ಕಡೆಗೆ, ಅಂದರೆ ನೆಲಮಟ್ಟಕ್ಕೆ ಸಮಾಂತರವಾಗಿ. ಹಾಗಾಗಿ ಅಲ್ಲಿ ಸರಿತೂಗುವುದು ನೇರ ಮೇಲೆ-ಕೆಳಗಿನ ದಿಕ್ಕು. ಅಕ್ಷವನ್ನು ಯಾವಾಗಲೂ ವೇಗೋತ್ಕರ್ಷದ ಜೊತೆಗೆ ಇಡಿ, ರಸ್ತೆ ಎಷ್ಟು ಓರೆ ಇದ್ದರೂ ಸರಿ. ತ್ರಿಜ್ಯ 40 ಮೀಟರ್, ವೇಗ ಗಂಟೆಗೆ 36 ಕಿಲೋಮೀಟರ್ ಎಂದಾದರೆ, ಸೆಕೆಂಡಿಗೆ 10 ಮೀಟರ್. ಕೋನದ ಟ್ಯಾಂಜೆಂಟ್ ಅಂದರೆ ವೇಗದ ವರ್ಗವನ್ನು ‘ತ್ರಿಜ್ಯ ಗುಣಿಸು ಜಿ’ಯಿಂದ ಭಾಗಿಸಿದ್ದು: 100 ಭಾಗಿಸು 392, ಅಂದರೆ 0.255, ಕೋನ ಸುಮಾರು 14 ಡಿಗ್ರಿ. 36ನ್ನೇ ಹಾಗೇ ಹಾಕಿದವರಿಗೆ 73 ಡಿಗ್ರಿ ಬರುತ್ತದೆ. ಅದು ರಸ್ತೆಯಲ್ಲ, ಗೋಡೆ. ಅಂಥ ಉತ್ತರ ಬರೆದು ಕೆಳಗೆ ಎರಡು ಗೆರೆ ಎಳೆದು ಮುಂದೆ ಹೋಗುವವರಿದ್ದಾರೆ, ದಯವಿಟ್ಟು ಆ ಗುಂಪಿಗೆ ಸೇರಬೇಡಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ಪ್ರಶ್ನೆಯ ಇಂಗ್ಲಿಷ್ ಕಷ್ಟ ಎನಿಸುತ್ತದೆ, ನಿಜ. ಆದರೆ ಅಲ್ಲಿ ಲೆಕ್ಕಕ್ಕೆ ಬರುವ ಪದಗಳು ಹತ್ತೋ ಹನ್ನೆರಡೋ, ಮತ್ತು ಪ್ರತಿಯೊಂದೂ ಒಂದು ಸಮೀಕರಣ. ‘ಲೈಟ್ ಸ್ಟ್ರಿಂಗ್’ ಎಂದರೆ ದಾರಕ್ಕೆ ದ್ರವ್ಯರಾಶಿ ಇಲ್ಲ, ಆದ್ದರಿಂದ ಅದರ ಎರಡೂ ತುದಿಯಲ್ಲಿ ಟೆನ್ಶನ್ (ದಾರದ ಎಳೆತ) ಒಂದೇ. ‘ಇನ್‌ಎಕ್ಸ್‌ಟೆನ್ಸಿಬಲ್’ ಎಂದರೆ ಹಿಗ್ಗುವುದಿಲ್ಲ, ಆದ್ದರಿಂದ ಕಟ್ಟಿದ ಎರಡೂ ವಸ್ತುಗಳ ವೇಗೋತ್ಕರ್ಷದ ಪ್ರಮಾಣ ಒಂದೇ. ‘ಸ್ಮೂತ್’ ಎಂದರೆ ಘರ್ಷಣೆ ಸೊನ್ನೆ. ‘ಜಸ್ಟ್ ಸ್ಲಿಪ್ಸ್’ ಎಂದರೆ ಘರ್ಷಣೆ ತನ್ನ ಗರಿಷ್ಠ ಮಿತಿ ಮುಟ್ಟಿದೆ. ‘ಜಸ್ಟ್’ ಅನ್ನುವ ಆ ಒಂದು ಚಿಕ್ಕ ಪದ ಇಲ್ಲದಿದ್ದರೆ ನಿಂತ ವಸ್ತುವಿನ ಘರ್ಷಣೆಯನ್ನು ಮ್ಯೂ ಎನ್ (ಮ್ಯೂ ಗುಣಿಸು ನಾರ್ಮಲ್) ಎಂದು ಬರೆಯುವಂತಿಲ್ಲ. ನೆಲದ ಮೇಲಿನ 20 ಕಿಲೋ ಅಕ್ಕಿ ಚೀಲವನ್ನು 50 ನ್ಯೂಟನ್‌ನಿಂದ ದೂಡಿದಿರಿ, ಮ್ಯೂ 0.4. ಘರ್ಷಣೆ 78.4 ನ್ಯೂಟನ್ ಎಂದು ಬರೆದರೆ ಚೀಲ ನಿಮ್ಮ ಮೇಲೇ ಬರಬೇಕಾಗುತ್ತದೆ. ಸರಿಯಾದ ಉತ್ತರ 50.

ಆ ‘ಲೈಟ್’ ಪದವನ್ನು ರಾಟೆಗೆ ಹಾಕಿರುವುದನ್ನೂ ನೋಡಿಕೊಳ್ಳಿ. ಹಾಕಿಲ್ಲ, ರಾಟೆಗೆ ದ್ರವ್ಯರಾಶಿ ಕೊಟ್ಟಿದ್ದಾರೆ ಎಂದರೆ ತಿರುಗುವಿಕೆಯ ಸಮೀಕರಣ ಬೇಕೇ ಬೇಕು. ಬಾವಿಯ ರಾಟೆ 2 ಕಿಲೋದ ಘನ ತಟ್ಟೆ, ಹಗ್ಗವನ್ನು ಅದಕ್ಕೆ ಸುತ್ತಿದೆ, ತುದಿಯಲ್ಲಿ 4 ಕಿಲೋದ ಕೊಡಪಾನ. ಕೈಬಿಟ್ಟರೆ ಎಷ್ಟು ವೇಗೋತ್ಕರ್ಷ? ಕೊಡಪಾನಕ್ಕೆ: 39.2ರಲ್ಲಿ ಟೆನ್ಶನ್ ಕಳೆದರೆ 4 ಪಟ್ಟು ವೇಗೋತ್ಕರ್ಷ. ರಾಟೆಗೆ: ಟೆನ್ಶನ್ ಗುಣಿಸು ತ್ರಿಜ್ಯ ಅಂದರೆ ಜಡತ್ವ ಭ್ರಾಮಕ (ತಿರುಗಿಸಲು ಎಷ್ಟು ಕಷ್ಟ ಎಂಬುದರ ಅಳತೆ; ಘನ ತಟ್ಟೆಗೆ ದ್ರವ್ಯರಾಶಿಯ ಅರ್ಧ ಗುಣಿಸು ತ್ರಿಜ್ಯದ ವರ್ಗ) ಗುಣಿಸು ಕೋನೀಯ ವೇಗೋತ್ಕರ್ಷ. ತ್ರಿಜ್ಯ ಹೊಡೆದುಹೋಗಿ, ಟೆನ್ಶನ್ ಅಂದರೆ ರಾಟೆಯ ದ್ರವ್ಯರಾಶಿಯ ಅರ್ಧ ಗುಣಿಸು ವೇಗೋತ್ಕರ್ಷ. ಎರಡನ್ನೂ ಕೂಡಿಸಿದರೆ 39.2 ಅಂದರೆ 5 ಪಟ್ಟು ವೇಗೋತ್ಕರ್ಷ. ಉತ್ತರ 7.84, ಟೆನ್ಶನ್ ಕೂಡ 7.84 ನ್ಯೂಟನ್. (ಎರಡೂ ಒಂದೇ ಸಂಖ್ಯೆ ಬಂದದ್ದು 2ರ ಅರ್ಧ 1 ಆದದ್ದರಿಂದ, ಬೇರೆ ಗುಟ್ಟೇನಿಲ್ಲ.) ಇಲ್ಲಿ ಟೆನ್ಶನ್ ಅಂದರೆ ಎಂಜಿ ಎಂದು ಹಾಕುವವರು ಬಹಳ. ಹಾಗೆ ಹಾಕಿ ರಾಟೆಯ ಸಮೀಕರಣ ಬಿಡಿಸಿದರೆ ವೇಗೋತ್ಕರ್ಷ 39.2 ಬರುತ್ತದೆ. ಹಗ್ಗ ಕಟ್ಟಿದ ಕೊಡಪಾನ ಕೈಜಾರಿ ಬಿದ್ದ ಕೊಡಪಾನಕ್ಕಿಂತ ನಾಲ್ಕು ಪಟ್ಟು ಜೋರಾಗಿ ಹೋಗುವ ಬಾವಿ ಎಲ್ಲೂ ಇಲ್ಲ.

ಜಡತ್ವ ಭ್ರಾಮಕದ ಎರಡು ಪ್ರಮೇಯಗಳಲ್ಲಿ ಶರತ್ತುಗಳನ್ನು ಬರೆಯದೆ ಅಂಕ ಕಳೆದುಕೊಳ್ಳುತ್ತಾರೆ. ಲಂಬ ಅಕ್ಷಗಳ ಪ್ರಮೇಯ ತೆಳು ಹಾಳೆಗೆ ಮಾತ್ರ, ಗೋಳಕ್ಕೆ ನಡೆಯುವುದಿಲ್ಲ. ಸಮಾಂತರ ಅಕ್ಷಗಳ ಪ್ರಮೇಯದಲ್ಲಿ ಒಂದು ಅಕ್ಷ ದ್ರವ್ಯರಾಶಿ ಕೇಂದ್ರದ ಮೂಲಕವೇ ಹಾದುಹೋಗಬೇಕು. ಸರಳಿನ ತುದಿಯ ಅಕ್ಷದಿಂದ ಕಾಲುಭಾಗದ ಅಕ್ಷಕ್ಕೆ ನೇರ ಹಾರಿದರೆ ತಪ್ಪು, ನಡುವಿಗೆ ಹೋಗಿ ಅಲ್ಲಿಂದ ಬರಬೇಕು.

ಉರುಳುವ ವಸ್ತುಗಳ ಲೆಕ್ಕ ಸಾಮಾನ್ಯವಾಗಿ ಕೇಳುವಂಥದ್ದು. ಜಾರದೆ ಉರುಳಿದರೆ ಘನ ಗೋಳಕ್ಕೆ ಜಿ ಸೈನ್ ಥೀಟಾದ ಏಳರಲ್ಲಿ ಐದು ಪಾಲು, ಘನ ತಟ್ಟೆಗೆ ಮೂರರಲ್ಲಿ ಎರಡು, ಟೊಳ್ಳು ಗೋಳಕ್ಕೆ ಐದರಲ್ಲಿ ಮೂರು, ಬಳೆಗೆ ಅರ್ಧ. ಗಾತ್ರವೂ ತೂಕವೂ ಲೆಕ್ಕಕ್ಕಿಲ್ಲ, ದ್ರವ್ಯರಾಶಿ ಅಕ್ಷದಿಂದ ಎಷ್ಟು ದೂರ ಹರಡಿದೆ ಎಂಬುದಷ್ಟೇ. ಹಾಗಾದರೆ ನೀರು ತುಂಬಿದ ತೆಂಗಿನಕಾಯಿ? ಚಿಪ್ಪು ತಿರುಗುತ್ತದೆ, ಒಳಗಿನ ನೀರು ಶುರುವಿಗೆ ಅದರ ಜೊತೆ ತಿರುಗುವುದಿಲ್ಲ, ಬರೀ ಮುಂದೆ ಸಾಗುತ್ತದೆ. ತಿರುಗಿಸಲು ಖರ್ಚಾಗುವ ಶಕ್ತಿ ಅಷ್ಟು ಉಳಿಯಿತು. ಅದೇ ನೀರು ಒಳಗೆ ಗಟ್ಟಿಯಾಗಿ ಚಿಪ್ಪಿನ ಜೊತೆ ತಿರುಗುವಂತಿದ್ದರೆ ಕಾಯಿ ಇನ್ನೂ ನಿಧಾನಕ್ಕೆ ಇಳಿಯುತ್ತಿತ್ತು. ಇದು ಪತ್ರಿಕೆಯಲ್ಲಿ ಬರಲಿಕ್ಕಿಲ್ಲ. ಆದರೆ ಇದನ್ನು ಒಬ್ಬರಿಗೊಬ್ಬರು ವಿವರಿಸಲು ಬಂದರೆ ಆ ಅಧ್ಯಾಯ ನಿಮಗೆ ಬಂದಿದೆ ಎಂದೇ ಅರ್ಥ.

ದ್ರವ್ಯರಾಶಿ ಕೇಂದ್ರಕ್ಕೆ ಕರಾವಳಿಯವರ ಉದಾಹರಣೆ: 180 ಕಿಲೋದ ದೋಣಿ ಕಟ್ಟದೆ ನಿಂತಿದೆ, 60 ಕಿಲೋದ ಮನುಷ್ಯ ಅದರಲ್ಲಿ ಒಂದು ತುದಿಯಿಂದ 4 ಮೀಟರ್ ನಡೆದ. ನೀರಿನ ತಡೆ ಬಿಟ್ಟರೆ ದೋಣಿ ಹಿಂದಕ್ಕೆ 1 ಮೀಟರ್ ಸರಿಯುತ್ತದೆ. ಇಲ್ಲಿನ ಎಡವಟ್ಟು, 4 ಮೀಟರ್ ದೋಣಿಯ ಲೆಕ್ಕದ್ದು, ನೆಲದ ಲೆಕ್ಕದಲ್ಲಿ ಅವನು ನಡೆದದ್ದು 3 ಮೀಟರ್ ಎಂಬುದನ್ನು ಮರೆಯುವುದು.

ಇನ್ನು ಮೂರು ವಾರ ಹೇಗೆ ಕಳೆಯುವುದು? ಮೊದಲ ವಾರ ಒಂದು ಲೆಕ್ಕವನ್ನೂ ಪೂರ್ತಿ ಬಿಡಿಸಬೇಡಿ. ದಿನಕ್ಕೆ ಹತ್ತು ಲೆಕ್ಕ ತೆಗೆದುಕೊಂಡು ತಲಾ ನಾಲ್ಕು ನಿಮಿಷದಲ್ಲಿ ಮೊದಲ ಮೂರು ಸಾಲು ಮತ್ತು ಸಮೀಕರಣಗಳನ್ನು ಮಾತ್ರ ಬರೆದು ನಿಲ್ಲಿಸಿ. ನಲವತ್ತು ನಿಮಿಷದ ಕೆಲಸ. ಪೂರ್ತಿ ಬಿಡಿಸಲು ಕೂತರೆ ಅಷ್ಟೇ ಹೊತ್ತಿನಲ್ಲಿ ಮೂರು ಲೆಕ್ಕ ಆಗುತ್ತದೆ, ಅದರಲ್ಲೂ ಹೆಚ್ಚಿನ ಸಮಯ ಕ್ಯಾಲ್ಕುಲೇಟರ್ ಒತ್ತುವುದಕ್ಕೆ ಹೋಗುತ್ತದೆ. ಎರಡನೇ ವಾರದಿಂದ ಪೂರ್ತಿ ಬಿಡಿಸಿ. ಸಿಕ್ಕಿಹಾಕಿಕೊಂಡಾಗ ಪುಸ್ತಕದ ಪರಿಹಾರವನ್ನು ಹಾಳೆಯಿಂದ ಮುಚ್ಚಿ ಒಂದೇ ಸಾಲು ನೋಡಿ, ಮತ್ತೆ ಮುಚ್ಚಿ. ಇಡೀ ಪರಿಹಾರ ಓದಿದಾಗ ಎಲ್ಲವೂ ಅರ್ಥವಾದಂತೆ ಅನಿಸುತ್ತದೆ, ಮರುದಿನ ಖಾಲಿ ಹಾಳೆಯ ಮುಂದೆ ಏನೂ ಬರುವುದಿಲ್ಲ. ತಪ್ಪುಗಳಿಗೆ ಬೇರೆ ಒಂದು ವಹಿ ಇಡಿ. ‘ಏಳನೇ ಲೆಕ್ಕ ತಪ್ಪು’ ಎಂದು ಬರೆದರೆ ಪ್ರಯೋಜನ ಇಲ್ಲ. ‘ಕೋನ ಮರದಿಂದ ಅಳೆದದ್ದನ್ನು ನೆಲದಿಂದ ಎಂದುಕೊಂಡೆ’ ಎಂದು ಬರೆಯಿರಿ. ಹತ್ತು ದಿನಕ್ಕೆ ನಿಮ್ಮದೇ ಎರಡು ಮೂರು ಖಾಯಂ ತಪ್ಪುಗಳು ಎದ್ದು ಕಾಣುತ್ತವೆ. ಕೊನೆಯ ವಾರ ವಿಶ್ವವಿದ್ಯಾಲಯದ ಹಳೆಯ ಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ. 2 ಗಂಟೆಗೆ 60 ಅಂಕ ಎಂದಾದರೆ ಅಂಕಕ್ಕೆ 2 ನಿಮಿಷ. 5 ಅಂಕದ ಸೂತ್ರ ವ್ಯುತ್ಪತ್ತಿಗೆ (ಡೆರಿವೇಶನ್) 20 ನಿಮಿಷ ಕೊಟ್ಟರೆ ಯಾವ ಪ್ರಶ್ನೆಯ ಹೊಟ್ಟೆಗೆ ಹೊಡೆದಿರಿ ಎಂದು ಆಗಲೇ ಗೊತ್ತಾಗುತ್ತದೆ.

ಪ್ರಾಯೋಗಿಕ ಪರೀಕ್ಷೆಯ ಬಗ್ಗೆ ಒಂದೇ ಸಂಗತಿ. ಲೋಲಕದ 20 ಆಂದೋಲನ ಎಣಿಸುವಾಗ ಸ್ಟಾಪ್‌ವಾಚ್ ಒತ್ತಿದ ಕ್ಷಣಕ್ಕೆ ‘ಒಂದು’ ಎಂದರೆ ನೀವು ಅಳೆದದ್ದು 19 ಆಂದೋಲನ, ಭಾಗಿಸಿದ್ದು 20ರಿಂದ. ಅವಧಿ ಶೇಕಡಾ 5 ಕಡಿಮೆ, ಜಿ ಅವಧಿಯ ವರ್ಗಕ್ಕೆ ವಿಲೋಮ, ಹಾಗಾಗಿ 9.8 ಬರಬೇಕಾದಲ್ಲಿ ಸುಮಾರು 10.9. ಒತ್ತುವಾಗ ‘ಸೊನ್ನೆ’ ಎನ್ನಿ. ಮತ್ತು ಗೋಳ ಅತಿ ವೇಗವಾಗಿರುವ ನಡುಬಿಂದುವಿನಲ್ಲಿ ಎಣಿಸಿ, ತುದಿಯಲ್ಲಿ ಅದು ತಡೆದು ನಿಂತಂತೆ ಕಾಣುವುದರಿಂದ ಯಾವಾಗ ಒತ್ತಬೇಕು ಎಂಬುದೇ ತಿಳಿಯುವುದಿಲ್ಲ.

ಪರೀಕ್ಷಾ ಕೊಠಡಿಯಲ್ಲಿ ಕೂತ ಕೂಡಲೇ ಕ್ಯಾಲ್ಕುಲೇಟರಿನಲ್ಲಿ ಸೈನ್ 30 ಒತ್ತಿ. 0.5 ಬಂದರೆ ಡಿಗ್ರಿಯಲ್ಲಿದೆ, ಮೈನಸ್ 0.988 ಬಂದರೆ ರೇಡಿಯನ್‌ನಲ್ಲಿದೆ. ಇಳಿಜಾರಿಗೆ ಡಿಗ್ರಿ ಬೇಕು, ಸರಳ ಸಂಗತ ಚಲನೆಯ (ಲೋಲಕದಂಥ ಹಿಂದುಮುಂದಿನ ಚಲನೆ) ಒಮೆಗಾ ಟೀಗೆ ರೇಡಿಯನ್ ಬೇಕು, ಬದಲಿಸಲು ಮರೆಯಬೇಡಿ. ಜಿ 9.8 ತೆಗೆದುಕೊಂಡಿರೋ 10 ತೆಗೆದುಕೊಂಡಿರೋ ಮೊದಲೇ ಬರೆದುಬಿಡಿ.

ಕೊನೆಗೆ ಸಭೆಯಿಂದ ಬಂದ ಪ್ರಶ್ನೆ: ವೇಗೋತ್ಕರ್ಷ ಮೈನಸ್ ಬಂದರೆ ಲೆಕ್ಕ ತಪ್ಪೇ, ಅಥವಾ ಚಿಹ್ನೆ ತೆಗೆದು ‘ವಿರುದ್ಧ ದಿಕ್ಕು’ ಎಂದು ಬರೆದರೆ ಸಾಕೇ? ಒಳ್ಳೆಯ ಪ್ರಶ್ನೆ. ಘರ್ಷಣೆ ಇಲ್ಲದಿದ್ದರೆ ಸಾಕು. ಟೆನ್ಶನ್ ಮೈನಸ್ ಬಂದರೆ ಮಾತ್ರ ಬೇರೆ ಅರ್ಥ, ದಾರ ದೂಡಲಾರದು, ಸಡಿಲವಾಗಿದೆ ಎಂದು. ನಾರ್ಮಲ್ ಮೈನಸ್ ಬಂದರೆ ಮೇಲ್ಮೈಯಿಂದ ವಸ್ತು ಬಿಟ್ಟುಕೊಂಡಿದೆ. ಆದರೆ ಘರ್ಷಣೆ ಇದ್ದಾಗ ಚಿಹ್ನೆ ಬದಲಿಸಿದರೆ ಆಗುವುದಿಲ್ಲ, ಯಾಕೆಂದರೆ ಚಲನೆಯ ದಿಕ್ಕನ್ನು ಊಹಿಸಿಯೇ ನೀವು ಘರ್ಷಣೆಯ ಬಾಣ ಹಾಕಿದ್ದೀರಿ. 30 ಡಿಗ್ರಿ ಇಳಿಜಾರಿನಲ್ಲಿ 5 ಕಿಲೋ, ರಾಟೆಯ ಆಚೆ ತೂಗುವ 2 ಕಿಲೋ, ಮ್ಯೂ 0.2. ತೂಗುವುದು ಕೆಳಗೆ ಹೋಗುತ್ತದೆ ಎಂದುಕೊಂಡರೆ ಮೈನಸ್ 1.91 ಬರುತ್ತದೆ. ‘ಹಾಗಾದರೆ ಇಳಿಜಾರಿನದ್ದು 1.91ರಿಂದ ಇಳಿಯುತ್ತದೆ’ ಎಂದು ಬರೆದರೆ ತಪ್ಪು. ಬಾಣ ತಿರುಗಿಸಿ ಮತ್ತೆ ಬಿಡಿಸಿ, ಈ ಸಲವೂ ಮೈನಸ್ಸೇ. ಎರಡೂ ಕಡೆ ಮೈನಸ್ ಎಂದರೆ ಅದು ಎಲ್ಲಿಗೂ ಹೋಗುವುದಿಲ್ಲ. ಇಳಿಜಾರಿನ ಎಳೆತ 24.5 ನ್ಯೂಟನ್, ತೂಗುವುದರ ಎಳೆತ 19.6, ವ್ಯತ್ಯಾಸ 4.9. ಘರ್ಷಣೆ 8.5ರ ವರೆಗೂ ಕೊಡಬಲ್ಲದು, ಬೇಕಾದದ್ದು ಅಷ್ಟಿಲ್ಲ. ಆದ್ದರಿಂದ ಉತ್ತರ: ವೇಗೋತ್ಕರ್ಷ ಸೊನ್ನೆ, ಘರ್ಷಣೆ 4.9 ನ್ಯೂಟನ್, ಇಳಿಜಾರಿನ ಮೇಲ್ಮುಖವಾಗಿ.